ಅಂಗೈಯಗಲದ ಕಾರ್ಡು: ಶ್ರೀ ನಂದಲಾಲ ಬೋಸರ ಜೀವನ

ದೊಡ್ಡ ಚಿತ್ರಕಾರರೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಅರಮನೆಯ ಗೋಡೆ, ಗಿಲೀಟಿನ ಚೌಕಟ್ಟು, ಆಳೆತ್ತರದ ಎಣ್ಣೆಬಣ್ಣದ ಪಟ. ಅಂಚೆಯ ಕಾರ್ಡಿನಷ್ಟು ಚಿಕ್ಕ ಕಾಗದದ ಮೇಲೆ ಮಸಿಯಲ್ಲಿ ನಾಲ್ಕು ಗೆರೆ ಎಳೆದು ಗೆಳೆಯನಿಗೆ ಕಳುಹಿಸುವುದನ್ನು ನಾವು ಕಲೆಯೆಂದು ಎಣಿಸುವುದು ಕಡಮೆ. ಅದು ಮಕ್ಕಳ ಆಟ, ಬಿಡುವಿನ ಹವ್ಯಾಸ ಎಂದು ತಳ್ಳಿಬಿಡುತ್ತೇವೆ. ಈ ಎಣಿಕೆ ಸರಿಯಲ್ಲವೆಂಬುದನ್ನು ತಮ್ಮ ಬಾಳಿನಿಂದಲೇ ತೋರಿಸಿಕೊಟ್ಟವರು ಬಂಗಾಳದ ನಂದಲಾಲ ಬೋಸರು. ನಮ್ಮ ಸಂವಿಧಾನದ ಮೂಲಪ್ರತಿಯ ಅಲಂಕಾರದ ಹೊಣೆ ಹೊತ್ತವರು ಅವರೇ. ಶಿಷ್ಯರಿಗೂ ಸ್ನೇಹಿತರಿಗೂ ಲೆಕ್ಕವಿಲ್ಲದಷ್ಟು ಚಿತ್ರದ ಕಾರ್ಡುಗಳನ್ನು ಬರೆದು ಹಂಚಿದವರೂ ಅವರೇ. ಮೊದಲನೆಯ ಕೆಲಸವನ್ನು ಲೋಕವೆಲ್ಲ ಬಲ್ಲದು. ನಮ್ಮಂಥ ವಿದ್ಯಾರ್ಥಿಗಳಿಗೆ ಎರಡನೆಯದೇ ಹೆಚ್ಚು ಹತ್ತಿರದ್ದೆಂದು ತೋರಿ, ಅದನ್ನು ಮುಂದಿಟ್ಟುಕೊಂಡು ಅವರ ಜೀವನವನ್ನು ಇಲ್ಲಿ ಹೇಳಲು ಹೊರಟಿದ್ದೇನೆ.

ನಂದಲಾಲರು ಜನಿಸಿದ್ದು 1882ರ ಡಿಸೆಂಬರ್ 3ರಂದು, ಬಿಹಾರದ ಮುಂಗೇರ್ ಜಿಲ್ಲೆಯ ಖರಗಪುರದಲ್ಲಿ. ತಂದೆ ಪೂರ್ಣಚಂದ್ರ ಬೋಸರು ದರ್ಭಾಂಗ ಸಂಸ್ಥಾನದ ನೌಕರಿಯಲ್ಲಿದ್ದರು. ತಾಯಿ ಕ್ಷೇತ್ರಮಣಿದೇವಿಯವರು ಓದುಬರಹದ ಹೆಂಗಸೆಂದು ಹೆಸರಾದವರಲ್ಲ. ಆದರೆ ಗೊಂಬೆ ಮಾಡುವುದರಲ್ಲಿ, ಹಳೆಯ ಸೀರೆಗಳನ್ನು ಸೇರಿಸಿ ಕಸೂತಿಯ ಹೊದಿಕೆ ಹೊಲಿಯುವುದರಲ್ಲಿ ಅವರ ಕೈ ಬಹಳ ಚೆನ್ನಾಗಿತ್ತು. ನಂದಲಾಲರು ಎಳೆಯ ಹುಡುಗನಾಗಿದ್ದಾಗಲೇ ಆ ತಾಯಿ ತೀರಿಕೊಂಡರು. ಊರಿನ ಕುಂಬಾರರ ಬೀದಿಯಲ್ಲಿ ನಿಂತು ಮಣ್ಣಿನ ಮೂರ್ತಿಗಳನ್ನು ಮಾಡುವುದನ್ನು ನೋಡುತ್ತ, ಹಬ್ಬ ಬಂದಾಗ ಪೂಜೆಯ ಮಂಟಪಗಳನ್ನು ಸಿಂಗರಿಸುತ್ತ ಹುಡುಗ ಬೆಳೆದನು. ಮುಂದೆ ಅವರು ಕಲಿತ ವಿದ್ಯೆಗಳು ಎಷ್ಟೇ ಇರಲಿ, ಮನೆಯಲ್ಲಿ ಸಿಕ್ಕಿದ ವಸ್ತುವಿನಿಂದ ಚೆಲುವಾದುದನ್ನು ಮಾಡಬಹುದೆಂಬ ಮೊದಲ ಪಾಠ ಅವರಿಗೆ ದೊರೆತದ್ದು ಈ ಊರಿನಲ್ಲಿ ಎಂಬುದರಲ್ಲಿ ಸಂದೇಹವಿಲ್ಲ.

ಹದಿನೈದು ಹದಿನಾರರ ಪ್ರಾಯದಲ್ಲಿ ಅವರನ್ನು ಓದಿಗಾಗಿ ಕಲ್ಕತ್ತೆಗೆ ಕಳುಹಿಸಲಾಯಿತು. 1902ರಲ್ಲಿ ಎಂಟ್ರೆನ್ಸ್ ಪರೀಕ್ಷೆ ಮುಗಿಯಿತು. ಅಲ್ಲಿಂದ ಮುಂದಿನ ಕಥೆ ಪರೀಕ್ಷೆಯ ಭಯವುಳ್ಳ ನಮಗೆಲ್ಲ ಬೇಗ ಅರ್ಥವಾಗುವಂಥದು. ಎಫ್.ಎ. ತರಗತಿಯಲ್ಲಿ ಅವರು ತೇರ್ಗಡೆಯಾಗಲಿಲ್ಲ. ಕಾಲೇಜನ್ನು ಬದಲಾಯಿಸಿ ನೋಡಿದರು, ಫಲ ಬದಲಾಗಲಿಲ್ಲ. ಅಷ್ಟರಲ್ಲಿ, 1903ರಲ್ಲಿ, ಸುಧೀರಾದೇವಿಯವರೊಡನೆ ಮದುವೆಯೂ ಆಗಿತ್ತು. ಸಂಸಾರವಂದಿಗನಾದವನು ಅನ್ನದ ದಾರಿ ನೋಡಿಕೊಳ್ಳಬೇಕೆಂದು ಹಿರಿಯರು ಬಯಸಿದುದು ಸಹಜವೇ. 1905ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನ ವಾಣಿಜ್ಯ ತರಗತಿಗೆ ಸೇರಿದರು. ಜಮಾಖರ್ಚಿನ ಪುಸ್ತಕದಲ್ಲಿ ಅವರ ಮನಸ್ಸು ನಿಲ್ಲಲಿಲ್ಲ. ಕಡೆಗೆ ತಮ್ಮ ಚಿತ್ರಗಳನ್ನು ಎತ್ತಿಕೊಂಡು ಸರ್ಕಾರಿ ಕಲಾಶಾಲೆಗೆ ಹೋಗಿ ಅವನೀಂದ್ರನಾಥ ಠಾಕೂರರ ಮುಂದೆ ನಿಂತರು. ಆ ಕಾಲದಲ್ಲಿ ಚಿತ್ರ ಬರೆದು ಬದುಕುವೆನೆನ್ನುವುದು ನೌಕರಸ್ಥರ ಮನೆಯ ಹುಡುಗನಿಗೆ ಸಣ್ಣ ಧೈರ್ಯವಲ್ಲ. ಆ ದಿನ ಅವರು ಹಿಂದೆಗೆದಿದ್ದರೆ ಕಲ್ಕತ್ತೆಯ ಯಾವುದಾದರೊಂದು ಕಚೇರಿಗೆ ಒಬ್ಬ ಅಸಂತುಷ್ಟ ಗುಮಾಸ್ತ ದೊರೆಯುತ್ತಿದ್ದನು. ದೇಶಕ್ಕೆ ನಂದಲಾಲರು ದೊರೆಯುತ್ತಿರಲಿಲ್ಲ.

ಅವನೀಂದ್ರರ ಶಿಷ್ಯರಾಗಿದ್ದ ಈ ಕಾಲದಲ್ಲಿಯೇ ಕನ್ನಡನಾಡಿಗೂ ಅವರಿಗೂ ಒಂದು ನಂಟು ಬೆಳೆಯಿತು. ಮೈಸೂರಿನ ಕೆ. ವೆಂಕಟಪ್ಪನವರು ಅದೇ ಗುರುಗಳ ಬಳಿ ಅವರ ಸಹಪಾಠಿಗಳಾಗಿದ್ದರು. ಬೆಂಗಳೂರಿನ ಕಬ್ಬನ್ ಪಾರ್ಕಿನ ಬದಿಯಲ್ಲಿರುವ ಚಿತ್ರಶಾಲೆಗೆ ಇರುವುದು ಈ ವೆಂಕಟಪ್ಪನವರ ಹೆಸರೇ. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರು ಬರೆದ, 1913ರಲ್ಲಿ ಹೊರಬಂದ ಹಿಂದೂ-ಬೌದ್ಧ ಪುರಾಣಕಥೆಗಳ ಗ್ರಂಥಕ್ಕೆ ಇವರಿಬ್ಬರೂ ಚಿತ್ರಗಳನ್ನು ಬರೆದುಕೊಟ್ಟರು. ನಿವೇದಿತೆಯವರ ಪ್ರೇರಣೆಯಿಂದ ನಂದಲಾಲರು ಅಜಂತೆಗೆ ಹೋಗಿ, ಅಲ್ಲಿನ ಭಿತ್ತಿಚಿತ್ರಗಳ ಪ್ರತಿ ತೆಗೆಯುವ ಲೇಡಿ ಹೆರಿಂಗ್‌ಹ್ಯಾಮರ ತಂಡದಲ್ಲಿ ದುಡಿದರು. ಗುಹೆಯ ಮಬ್ಬು ಬೆಳಕಿನಲ್ಲಿ ಸಾವಿರ ವರ್ಷಕ್ಕೂ ಹಳೆಯ ಗೆರೆಗಳ ಹಿಂದೆ ಕೈಯನ್ನು ನಡೆಸಿದ ಆ ಅಭ್ಯಾಸ ಅವರ ರೇಖೆಗೆ ಕೊನೆಯವರೆಗೂ ಬಲ ಕೊಟ್ಟಿತು.

1919ರಲ್ಲಿ ರವೀಂದ್ರನಾಥರು ಶಾಂತಿನಿಕೇತನದಲ್ಲಿ ಕಲಾಭವನವನ್ನು ಆರಂಭಿಸಿದರು. ಸ್ವಲ್ಪ ಕಾಲದಲ್ಲಿಯೇ ನಂದಲಾಲರು ಕಲ್ಕತ್ತೆಯ ಬಾಳನ್ನು ಬಿಟ್ಟು ಅಲ್ಲಿಗೆ ಬಂದು ನೆಲೆಸಿ, ಅದರ ಮುಖ್ಯಸ್ಥರಾದರು. 1951ರಲ್ಲಿ ನಿವೃತ್ತರಾಗುವವರೆಗೆ ಆ ಕೆಂಪುಮಣ್ಣಿನ ಬಯಲೇ ಅವರ ಕರ್ಮಭೂಮಿ. ಬಿನೋದ ಬಿಹಾರಿ ಮುಖರ್ಜಿ, ರಾಮಕಿಂಕರ ಬೈಜ್, ಕೆ.ಜಿ. ಸುಬ್ರಮಣ್ಯನ್ ಮೊದಲಾದವರು ಅವರ ಕೈಯಲ್ಲಿ ತಯಾರಾದರು. ಮುಂದೆ ಚಲನಚಿತ್ರದಲ್ಲಿ ಜಗತ್ಪ್ರಸಿದ್ಧರಾದ ಸತ್ಯಜಿತ್ ರಾಯರೂ ಕೆಲಕಾಲ ಅವರ ವಿದ್ಯಾರ್ಥಿಯಾಗಿದ್ದರು. ಶಿಷ್ಯರು ಕೋಣೆಯಲ್ಲಿ ಕುಳಿತು ಗೊಂಬೆಯನ್ನು ನೋಡಿ ಬರೆಯುವುದಕ್ಕಿಂತ ಹೊರಗೆ ಹೋಗಿ ಮರವನ್ನೂ ದನವನ್ನೂ ದುಡಿಯುವ ಸಂತಾಲರನ್ನೂ ನೋಡಬೇಕೆಂಬುದು ಅವರ ಕ್ರಮ. ನಮ್ಮ ರಂಗೋಲಿಯಂತೆಯೇ ಬಂಗಾಳದ ಹೆಂಗಸರು ಹಿಟ್ಟಿನಿಂದ ನೆಲದ ಮೇಲೆ ಬರೆಯುವ ಆಲ್ಪನಾ ಎಂಬ ಕಲೆಗೂ ಅವರು ಪಾಠಗಳಲ್ಲಿ ಮರ್ಯಾದೆಯ ಸ್ಥಾನ ಕೊಟ್ಟರು.

1924ರಲ್ಲಿ ಅವರು ರವೀಂದ್ರರೊಡನೆ ಚೀನ ಮತ್ತು ಜಪಾನುಗಳಿಗೆ ಹೋಗಿಬಂದರು. ಕರಿಯ ಮಸಿಯೊಂದರಿಂದಲೇ, ಕುಂಚದ ಒಂದೇ ಬೀಸಿನಲ್ಲಿ ಬಿದಿರನ್ನೋ ಬೆಟ್ಟವನ್ನೋ ಮೂಡಿಸುವ ಪೂರ್ವದೇಶದ ರೀತಿ ಅವರ ಮನಸ್ಸನ್ನು ಸೆಳೆಯಿತು. ಮಸಿಯ ಗೆರೆಯನ್ನು ಒಮ್ಮೆ ಎಳೆದ ಮೇಲೆ ಅಳಿಸಲಾಗದು. ಆದುದರಿಂದ ಎಳೆಯುವ ಮುನ್ನವೇ ಕಣ್ಣು ನೋಡಿ ಮುಗಿಸಿರಬೇಕು. ಈ ಸಾಧನೆಗೆ ಕಾರ್ಡಿನಷ್ಟು ಒಳ್ಳೆಯ ಜಾಗ ಬೇರೆಯಿಲ್ಲ. ನಂದಲಾಲರು ಹೋದಲ್ಲೆಲ್ಲ ಬರಿಯ ಕಾರ್ಡುಗಳನ್ನು ಜೊತೆಗೊಯ್ಯುತ್ತಿದ್ದರು. ಮೇಯುವ ಆಡು, ತಾಳೆಮರ, ಹೊಲಕ್ಕೆ ಹೊರಟ ಸಂತಾಲ ಹೆಂಗಸು, ಸಮುದ್ರದ ದಂಡೆ, ಒಂದು ಹೂವಿನ ಗೊಂಚಲು, ಕಣ್ಣಿಗೆ ಬಿದ್ದುದೆಲ್ಲ ಅವುಗಳ ಮೇಲೆ ಇಳಿಯುತ್ತಿತ್ತು. ಎಷ್ಟೋ ಚಿತ್ರಗಳ ಮೂಲೆಯಲ್ಲಿ ಒಂದು ಚಿಕ್ಕ ಕೆಂಪು ಠಸ್ಸೆಯನ್ನು ಒತ್ತಿರುವುದು ಕಾಣುತ್ತದೆ. ಕಪ್ಪು ಗೆರೆಗಳ ನಡುವೆ ಆ ಒಂದು ಕೆಂಪು ಗುರುತು ಹಣೆಯ ಕುಂಕುಮದ ಹಾಗೆ ಇಡೀ ಕಾಗದಕ್ಕೆ ಕಳೆ ಕೊಡುತ್ತದೆ.

ಈ ಕಾರ್ಡುಗಳು ಮಾರುವುದಕ್ಕಾಗಿ ಬರೆದವಲ್ಲ. ದೂರದಲ್ಲಿದ್ದ ಶಿಷ್ಯರಿಗೆ, ಸ್ನೇಹಿತರಿಗೆ ಅವು ಅಂಚೆಯಲ್ಲಿ ಹೋಗುತ್ತಿದ್ದವು. ಕ್ಷೇಮಸಮಾಚಾರ ಬರೆಯುವ ಜಾಗದಲ್ಲಿ ಒಂದು ಚಿತ್ರ. ಅದೇ ಸಮಾಚಾರ, ಅದೇ ಪಾಠ. ಗುರುವು ಇಂದು ಏನನ್ನು ನೋಡಿದನೆಂಬುದು ಶಿಷ್ಯನಿಗೆ ತಿಳಿಯಿತು. ತಾನೂ ಇಂದು ಏನನ್ನಾದರೂ ನೋಡಬೇಕೆಂಬುದೂ ತಿಳಿಯಿತು. ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ನಂದಲಾಲರ 6000ಕ್ಕೂ ಹೆಚ್ಚು ಕೃತಿಗಳಿವೆ. ಅವುಗಳಲ್ಲಿ ಇಂಥ ಚಿಕ್ಕ ಕಾಗದಗಳ ಪಾಲು ಸಣ್ಣದಲ್ಲ.

ಒಂದು ಕಾರ್ಡು ಒಬ್ಬನಿಗೆ ಮಾತ್ರ ಸೇರುತ್ತದೆ. ಹಲವರಿಗೆ ಸೇರಬೇಕಾದರೆ ಅಚ್ಚು ಬೇಕು. ಅದಕ್ಕೂ ಅವರು ದೊಡ್ಡ ಯಂತ್ರವನ್ನು ಹುಡುಕಲಿಲ್ಲ; ನೆಲಕ್ಕೆ ಹಾಸುವ ಲಿನೋಲಿಯಂ ತುಂಡು ಸಾಕಾಯಿತು. ಇದರ ಕ್ರಮವನ್ನು ನಾನು ಕೈಯಾರೆ ಮಾಡಿ ಕಂಡಿರುವುದರಿಂದ ಇಲ್ಲಿ ಎರಡು ಮಾತು ಹೇಳಬಹುದು. ಹೋದ ಸಂಕ್ರಾಂತಿಗೆ ನಮ್ಮ ಕಾಲೇಜಿನ ಲಲಿತಕಲಾ ಸಂಘದವರು ಶುಭಾಶಯದ ಕಾರ್ಡುಗಳನ್ನು ಕೈಯಿಂದಲೇ ಮಾಡಿದೆವು. ಅಡ್ಡಲಾಗಿ ಕತ್ತರಿಸಿದ ಬೆಂಡೆಕಾಯಿಯನ್ನು ಠಸ್ಸೆಯ ಶಾಯಿಗೆ ಅದ್ದಿ ಒತ್ತಿದರೆ ಐದೆಸಳಿನ ಹೂವು. ಆಲೂಗಡ್ಡೆಯನ್ನು ಕೊರೆದರೆ ಕಬ್ಬಿನ ಜಲ್ಲೆ. ಲಿನೋಲಿಯಂ ಕೆಲಸ ಇವಕ್ಕಿಂತ ಕಷ್ಟ. ಬಿಳಿಯಾಗಿ ಉಳಿಯಬೇಕಾದ ಕಡೆ ಉಳಿಯಿಂದ ಕೊರೆದು ತೆಗೆಯಬೇಕು. ಉಬ್ಬಾಗಿ ಉಳಿದ ಭಾಗವೇ ಮಸಿ ಹಿಡಿಯುವುದು. ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗುವುದರಿಂದ ಅಕ್ಷರಗಳನ್ನು ತಿರುಗುಮುರುಗಾಗಿ ಕೊರೆಯಬೇಕು. ಮಸಿಯನ್ನು ಗಾಜಿನ ಮೇಲೆ ಹರಡಿ, ರೋಲರಿನಿಂದ ತೆಳುವಾಗಿ ಬಳಿದು, ಕಾಗದವನ್ನು ಮೇಲಿಟ್ಟು ಚಮಚದ ಬೆನ್ನಿನಿಂದ ಉಜ್ಜಿದರೆ ಅಚ್ಚು ಮೂಡುತ್ತದೆ. ಮಸಿ ಹೆಚ್ಚಾದರೆ ಸಣ್ಣ ಗೆರೆಗಳು ಮುಚ್ಚಿಹೋಗುತ್ತವೆ. ಕಡಮೆಯಾದರೆ ಚಿತ್ರ ಬೂದಿಯಾಗುತ್ತದೆ. ನಮ್ಮ ಕಾರ್ಡುಗಳನ್ನು ಕಂಡ ಗೆಳೆಯನೊಬ್ಬನು, ಬೆರಳಿನ ತುದಿಯಲ್ಲಿ ಮೊಬೈಲಿನಿಂದ ನೂರು ಶುಭಾಶಯ ಕಳುಹಿಸಬಹುದಾಗಿರುವಾಗ ಈ ದಂಡದ ದುಡಿಮೆ ಏಕೆಂದು ಕೇಳಿದನು. ಆ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಹೋದಾಗಲೇ ನನಗೆ ನಂದಲಾಲರ ಜೀವನದ ಪರಿಚಯವಾದುದು.

1930ರಲ್ಲಿ ಗಾಂಧೀಜಿಯವರು ಉಪ್ಪಿನ ಸತ್ಯಾಗ್ರಹಕ್ಕಾಗಿ ದಂಡಿಗೆ ನಡೆದರು. ನಂದಲಾಲರು ಒಂದು ಲಿನೋಲಿಯಂ ತುಂಡನ್ನು ತೆಗೆದುಕೊಂಡು, ಕರಿಯ ಹಿನ್ನೆಲೆಯ ಮೇಲೆ ಬಿಳಿಯ ಗೆರೆಗಳಲ್ಲಿ, ಕೋಲು ಹಿಡಿದು ಹೆಜ್ಜೆಯಿಡುತ್ತಿರುವ ಬಾಪೂಜಿಯವರನ್ನು ಕೊರೆದರು. ಮುಖದಲ್ಲಿ ವಿವರ ಕಡಮೆ. ಬಟ್ಟೆಯಲ್ಲಿ ನೆರಿಗೆ ಕಡಮೆ. ಆ ನಡೆಯ ದೃಢತೆಯೇ ಚಿತ್ರ. ಆ ಒಂದು ತುಂಡು ಲಿನೋಲಿಯಂ ಇಡೀ ಚಳವಳಿಗೆ ಮುಖವಾಯಿತೆಂದರೆ ಅತಿಶಯವಲ್ಲ. ಅದೇ ವರ್ಷ ರವೀಂದ್ರರು ಬಂಗಾಳಿ ಮಕ್ಕಳಿಗಾಗಿ ಬರೆದ ಸಹಜ ಪಾಠ ಎಂಬ ಅಕ್ಷರಪುಸ್ತಕಕ್ಕೂ ಅವರು ಇದೇ ರೀತಿಯಲ್ಲಿ ಚಿತ್ರಗಳನ್ನು ಕೊರೆದುಕೊಟ್ಟರು. ಒಂದೇ ಉಳಿಯಿಂದ ರಾಷ್ಟ್ರನಾಯಕರೂ ಮೂಡಿದರು, ಅ ಆ ಕಲಿಯುವ ಮಗುವಿನ ಪುಟವೂ ಮೂಡಿತು. ಎರಡರಲ್ಲಿಯೂ ಶ್ರದ್ಧೆ ಒಂದೇ ಸಮ.

ಗಾಂಧೀಜಿಯವರು ಈ ಗುಣವನ್ನು ಗುರುತಿಸಿದ್ದರು. 1936ರ ಲಖನೌ ಕಾಂಗ್ರೆಸ್ಸಿನ ಕಲಾಪ್ರದರ್ಶನವನ್ನೂ ಮುಂದೆ ಫೈಜಪುರದ ಅಧಿವೇಶನದ ಅಲಂಕಾರವನ್ನೂ ಅವರಿಗೆ ಒಪ್ಪಿಸಿದರು. ಫೈಜಪುರದಲ್ಲಿ ಬಿದಿರು, ಹುಲ್ಲು ಮೊದಲಾದ ಹಳ್ಳಿಯ ಸಾಮಾನುಗಳೇ ಮಂಟಪಗಳಾದವು. 1938ರಲ್ಲಿ ಗುಜರಾತಿನ ಹರಿಪುರದ ಅಧಿವೇಶನಕ್ಕೆ ನಂದಲಾಲರೂ ಅವರ ಶಿಷ್ಯರೂ ಸೇರಿ ಸುಮಾರು 400 ಚಿತ್ರಫಲಕಗಳನ್ನು ಸಿದ್ಧಪಡಿಸಿದರು. ನೂಲುವವಳು, ಅಡಿಗೆಯವಳು, ಬಡಗಿ, ಡೋಲು ಬಾರಿಸುವವನು, ಎತ್ತು, ಹೀಗೆ ಹಳ್ಳಿಯ ಬಾಳೆಲ್ಲ ಅಲ್ಲಿತ್ತು. ಅವನ್ನು ಹೆಬ್ಬಾಗಿಲುಗಳಲ್ಲಿಯೂ ಬಿಡಾರಗಳಲ್ಲಿಯೂ ತೂಗುಹಾಕಿದಾಗ, ಚಿತ್ರಶಾಲೆಯ ಮೆಟ್ಟಿಲನ್ನೇ ಹತ್ತದ ರೈತನು ತನ್ನನ್ನೇ ಅಲ್ಲಿ ಕಂಡನು.

ಸ್ವಾತಂತ್ರ್ಯ ಬಂದಿತು. ಪ್ರೇಮ್ ಬಿಹಾರಿ ನಾರಾಯಣ್ ರಾಯಜಾದಾ ಅವರು ಇಂಗ್ಲಿಷಿನಲ್ಲಿ ಕೈಬರಹದಿಂದ ಬರೆದ ಸಂವಿಧಾನದ ಪುಟಗಳನ್ನು ಸಿಂಗರಿಸುವ ಕೆಲಸ ನಂದಲಾಲರಿಗೂ ಕಲಾಭವನದ ತಂಡಕ್ಕೂ ಬಂದಿತು. 22 ಭಾಗಗಳ ಆರಂಭಕ್ಕೆ ನಾಡಿನ ಇತಿಹಾಸದ ದೃಶ್ಯಗಳನ್ನು ಆರಿಸಿದರು. ಮೊದಲನೆಯ ಭಾಗದ ಮೇಲಿರುವುದು ಮೊಹೆಂಜೊದಾರೊವಿನ ಗೂಳಿಯ ಮುದ್ರೆ. ಇತಿಹಾಸದ ವಿದ್ಯಾರ್ಥಿಯಾದ ನನಗೆ ಇದು ಬಹಳ ಸಾರ್ಥಕವಾಗಿ ಕಾಣುತ್ತದೆ. ಸಹಸ್ರಾರು ವರ್ಷಗಳ ಹಿಂದೆ ಈ ನೆಲದ ಮನುಷ್ಯನು ಮೃದುಕಲ್ಲಿನಲ್ಲಿ ತಿರುಗುಮುರುಗಾಗಿ ಕೊರೆದು ಜೇಡಿಮಣ್ಣಿನ ಮೇಲೆ ಒತ್ತುತ್ತಿದ್ದ ಠಸ್ಸೆ, ಗಣರಾಜ್ಯದ ಮೂಲಗ್ರಂಥದ ಮೊದಲ ಭಾಗಕ್ಕೆ ಬಂದು ಕುಳಿತಿದೆ. ಅದೇ ಗ್ರಂಥದಲ್ಲಿ ಮುಂದೆ ದಂಡಿಯ ನಡಿಗೆಯ ಚಿತ್ರವೂ ಇದೆ.

1954ರಲ್ಲಿ ಪದ್ಮವಿಭೂಷಣ ಪ್ರಶಸ್ತಿ ಬಂದಿತು. ಅಷ್ಟು ಗೌರವಗಳ ನಡುವೆಯೂ ಕಾರ್ಡಿನ ಅಭ್ಯಾಸ ನಿಲ್ಲಲಿಲ್ಲ. ವಯಸ್ಸಾದಂತೆ ಗೋಡೆಯ ಮೇಲಿನ ದೊಡ್ಡ ಚಿತ್ರಗಳು ಹಿಂದೆ ಸರಿದವು. ಮಸಿ, ಕುಂಚ, ಅಂಗೈಯಗಲದ ಕಾಗದ ಇಷ್ಟೇ ಉಳಿದವು. ಅವರಿಗೆ ಅಷ್ಟು ಸಾಕಾಗಿತ್ತು. 1966ರ ಏಪ್ರಿಲ್ 16ರಂದು ಅವರು ತೀರಿಕೊಂಡರು.

ಅವರ ಕಥೆ ಅಲ್ಲಿಗೆ ಮುಗಿಯಲಿಲ್ಲ. ನಮ್ಮ ಧಾರವಾಡದಲ್ಲಿ ಹುಟ್ಟಿದ ದಿನಕರ ಕೌಶಿಕರು ನಂದಲಾಲರ ಶಿಷ್ಯರು. ಗುರುಗಳ ಜೀವನಚರಿತ್ರೆಯನ್ನು ಬರೆದವರು. ಮುಂದೆ ಕಲಾಭವನದ ಮುಖ್ಯಸ್ಥರಾದವರು. ಅವರ ಕಾಲದಲ್ಲಿ, 1973ರಲ್ಲಿ, ನಂದಲಾಲರ ಹುಟ್ಟುಹಬ್ಬದ ಹೊತ್ತಿಗೆ ನಂದನ ಮೇಳ ಎಂಬ ಜಾತ್ರೆ ಶುರುವಾಯಿತು. ವಿದ್ಯಾರ್ಥಿಗಳೂ ಅಧ್ಯಾಪಕರೂ ತಾವೇ ಮಾಡಿದ ಶುಭಾಶಯದ ಕಾರ್ಡು, ಕ್ಯಾಲೆಂಡರು, ಗೊಂಬೆಗಳನ್ನು ಅಲ್ಲಿ ಮಾರುತ್ತಾರೆ. ಬಂದ ಹಣ ಕಷ್ಟದಲ್ಲಿರುವ ವಿದ್ಯಾರ್ಥಿಗಳ ಸಹಾಯನಿಧಿಗೆ ಹೋಗುತ್ತದೆ. ಕಾಯಿಲೆ ಬಿದ್ದ ಹುಡುಗನೊಬ್ಬನ ಔಷಧಿಯ ಖರ್ಚು ಸಹಪಾಠಿಯ ಕೈಯ ಮಸಿಯಿಂದ ಬರುವುದೆಂದರೆ ಅದನ್ನು ಆಟವೆಂದು ಕರೆಯಲು ಯಾರಿಗೆ ಬಾಯಿ ಬಂದೀತು?

ಎರಡು ಪರೀಕ್ಷೆ, ಎರಡು ಕಾಲೇಜು ಕೈಬಿಟ್ಟ ತರುಣನೊಬ್ಬನು ತನಗೆ ಬಲ್ಲ ಕೆಲಸವನ್ನು ಗಟ್ಟಿಯಾಗಿ ಹಿಡಿದು ಬಾಳಿದನು. ಸಂವಿಧಾನದ ಪುಟವೆಂದು ಹೆಚ್ಚಿಸಲಿಲ್ಲ, ಶಿಷ್ಯನ ಕಾರ್ಡೆಂದು ಕಡಮೆ ಮಾಡಲಿಲ್ಲ. ಗೆಳೆಯನ ಪ್ರಶ್ನೆಗೆ ನನಗೆ ದೊರೆತ ಉತ್ತರ ಇದೇ: ಕೈಯಿಂದ ಮಾಡಿದ ಕಾರ್ಡು ಒಬ್ಬ ಮನುಷ್ಯನನ್ನು ನೆನೆದು ಕಳೆದ ಒಂದು ಗಂಟೆ, ಅದನ್ನು ನೂರು ಜನಕ್ಕೆ ಒಮ್ಮೆಗೇ ಕಳುಹಿಸಲಾಗದು. ನಮ್ಮ ಸಂಘದ ಕಪಾಟಿನಲ್ಲಿ ಉಳಿಗಳಿವೆ, ರೋಲರಿದೆ, ಎರಡು ಡಬ್ಬಿ ಮಸಿಯಿದೆ. ಬರುವ ಸಂಕ್ರಾಂತಿಯ ಕಾರ್ಡುಗಳಿಗೆ ಒಂದು ಬೆಲೆ ಕಟ್ಟಿ, ಆ ಹಣವನ್ನು ನಮ್ಮ ಕಾಲೇಜಿನ ಬಡ ವಿದ್ಯಾರ್ಥಿಗಳ ಶುಲ್ಕಕ್ಕಾಗಿ ತೆಗೆದಿಡಬೇಕೆಂದು ಸಂಘದ ಸದಸ್ಯರಲ್ಲಿಯೂ ಗುರುಗಳಲ್ಲಿಯೂ ವಿನಯಪೂರ್ವಕವಾಗಿ ಬಿನ್ನವಿಸುತ್ತೇನೆ.