ರೈಲು ನುಡಿಸಿದವನ ಮೂರು ದಶಕಗಳ ಮೌನ

ಅಮೆರಿಕದ ನ್ಯಾಶ್‌ವಿಲ್ ನಗರದಿಂದ ಶನಿವಾರದ ರಾತ್ರಿಗಳಲ್ಲಿ ನೇರವಾಗಿ ಪ್ರಸಾರವಾಗುತ್ತ ಬಂದಿರುವ ‘ಗ್ರ್ಯಾಂಡ್ ಓಲ್ ಆಪ್ರಿ’ ಎಂಬ ರೇಡಿಯೊ ಕಾರ್ಯಕ್ರಮಕ್ಕೆ 2025ರ ನವೆಂಬರ್ 28ರಂದು ನೂರು ವರ್ಷ ತುಂಬಿತು. ಹಳ್ಳಿಗಾಡಿನ ಪಿಟೀಲು, ಬ್ಯಾಂಜೊಗಳ ಸಂಗೀತಕ್ಕೆ ಮೀಸಲಾದ ಈ ಕಾರ್ಯಕ್ರಮ ಟೆಲಿವಿಷನ್ ಬಂದಾಗಲೂ ನಿಲ್ಲಲಿಲ್ಲ, ಇಂಟರ್ನೆಟ್ ಬಂದಾಗಲೂ ನಿಲ್ಲಲಿಲ್ಲ. 2020ರ ಸಾಂಕ್ರಾಮಿಕದ ದಿನಗಳಲ್ಲಿ ಖಾಲಿ ಕುರ್ಚಿಗಳ ಎದುರು ಹಾಡಿ ಅದನ್ನು ಮುಂದುವರಿಸಿದರು. ಇಷ್ಟು ದೀರ್ಘಾಯುಷ್ಯದ ಸಂಸ್ಥೆಯ ಚರಿತ್ರೆಯಲ್ಲಿ ಹೆಮ್ಮೆಪಡಬೇಕಾದ ಸಂಗತಿಗಳು ಬಹಳಷ್ಟಿವೆ. ಆದರೆ ಅದರ ನೂರು ವರ್ಷಗಳನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಹೋಗಿ ನಿಲ್ಲುವುದು ನಾಲ್ಕು ಅಡಿ ಹತ್ತು ಇಂಚು ಎತ್ತರದ, ಕೊಂಚ ಬಾಗಿದ ಬೆನ್ನಿನ ಒಬ್ಬ ಕಪ್ಪು ವರ್ಣೀಯನ ಬಳಿ. ಅವನ ಹೆಸರು ಡಿಫೋರ್ಡ್ ಬೈಲಿ. ವಾದ್ಯ, ನಮ್ಮ ಮಕ್ಕಳು ಜಾತ್ರೆಯಲ್ಲಿ ಕೊಂಡು ಊದುವ ಮೌತ್ ಆರ್ಗನ್.

ಬೈಲಿ ಹುಟ್ಟಿದ್ದು 1899ರ ಡಿಸೆಂಬರ್ 14ರಂದು, ಟೆನೆಸ್ಸೀ ರಾಜ್ಯದ ಸ್ಮಿತ್ ಕೌಂಟಿಯಲ್ಲಿ. ಅವನ ಅಜ್ಜ ಗುಲಾಮಗಿರಿಯನ್ನು ಕಂಡುಂಡವನು, ಸುತ್ತಲ ಊರುಗಳಲ್ಲಿ ಹೆಸರಾಗಿದ್ದ ಪಿಟೀಲುಗಾರ. ಮನೆಮಂದಿಯೆಲ್ಲ ಒಂದಲ್ಲ ಒಂದು ವಾದ್ಯ ಬಲ್ಲವರು. ಕಂಟ್ರಿ ಸಂಗೀತವೆಂದರೆ ಬಿಳಿಯರ ಸ್ವತ್ತು ಎಂದು ನಂಬಿದವರು ಗಮನಿಸಬೇಕಾದ ಮಾತಿದು. ಆ ಸಂಗೀತದ ಗುರುತೇ ಆಗಿರುವ ಬ್ಯಾಂಜೊ ಆಫ್ರಿಕದಿಂದ ಗುಲಾಮರ ನೆನಪಿನಲ್ಲಿ ಹಡಗು ಹತ್ತಿ ಬಂದ ವಾದ್ಯ. ಗದ್ದೆಗಳಲ್ಲಿ ದುಡಿದ ಕರಿಯರೂ ಬಿಳಿಯರೂ ಒಂದೇ ರಾಗಗಳನ್ನು ನುಡಿಸುತ್ತಿದ್ದರು. ಅವುಗಳನ್ನು ಬಣ್ಣದ ಮೇಲೆ ಬೇರ್ಪಡಿಸಿ ಎರಡು ಪಟ್ಟಿ ಮಾಡಿದ್ದು ಗ್ರಾಮಫೋನ್ ಕಂಪನಿಗಳ ವ್ಯಾಪಾರ.

ಹಸುಗೂಸಾಗಿದ್ದಾಗಲೇ ತಾಯಿ ತೀರಿಕೊಂಡಳು. ಸೋದರತ್ತೆ ಮತ್ತು ಅವಳ ಗಂಡ ಸಾಕಿದರು. ಮೂರನೆಯ ವರ್ಷದಲ್ಲಿ ಪೋಲಿಯೊ ಬಡಿದು ವರ್ಷದ ಮಟ್ಟಿಗೆ ಹಾಸಿಗೆಗೆ ಅಂಟಿಸಿತು. ದೇಹದ ಬೆಳವಣಿಗೆ ಕುಂಠಿತವಾದದ್ದು ಆಗಲೇ. ಮಲಗಿದ್ದಲ್ಲಿಂದ ಏಳಲಾಗದ ಮಗುವಿನ ಕೈಗೆ ಮನೆಯವರು ಮೌತ್ ಆರ್ಗನ್ ಕೊಟ್ಟರು. ಅದು ಕಿಟಕಿಯಾಚೆಯಿಂದ ಕೇಳಿಬಂದುದನ್ನೆಲ್ಲ ಅದರಲ್ಲಿ ಊದಿ ನೋಡಿತು: ನಾಯಿಗಳ ಬೊಗಳುವಿಕೆ, ಕೋಳಿಗಳ ಗದ್ದಲ, ದೂರದ ರೈಲಿನ ಸದ್ದು. ಮುಂದೆ ಶಾಲೆಗೆ ಹೋಗುವ ದಾರಿಯಲ್ಲಿ ರೈಲ್ವೆ ಸೇತುವೆಯೊಂದಿತ್ತು. ಅದರ ಕೆಳಗೆ ನಿಂತು, ನೆತ್ತಿಯ ಮೇಲೆ ಹಾದುಹೋಗುವ ರೈಲಿನ ಲಯವನ್ನು ಮನಸ್ಸಿಗೆ ಇಳಿಸಿಕೊಂಡು, ದಾರಿಯುದ್ದಕ್ಕೂ ಅದನ್ನೇ ನುಡಿಸುತ್ತ ಹೋಗುತ್ತಿದ್ದನಂತೆ. ಬೇರೆ ಗುರುವಿರಲಿಲ್ಲ.

ಹರೆಯದಲ್ಲಿ ನ್ಯಾಶ್‌ವಿಲ್ ಸೇರಿದ ಅವನು ಮನೆಗೆಲಸ ಮಾಡಿದ, ಕಟ್ಟಡವೊಂದರಲ್ಲಿ ಲಿಫ್ಟ್ ನಡೆಸಿದ. 1925ರಲ್ಲಿ ಅಲ್ಲಿನ ಜೀವವಿಮಾ ಕಂಪನಿಯೊಂದು ತನ್ನ ಪ್ರಚಾರಕ್ಕಾಗಿ ಡಬ್ಲ್ಯುಎಸ್ಎಂ ಎಂಬ ರೇಡಿಯೊ ನಿಲಯವನ್ನು ತೆರೆಯಿತು. ವಿಮೆಯ ಕಂತು ಕಟ್ಟುವ ರೈತರು, ಕೂಲಿಕಾರರು ಕಿವಿಗೊಡುವಂಥದ್ದು ಏನಾದರೂ ಬೇಕಿತ್ತು. ನಿಲಯದ ನಿರ್ದೇಶಕ ಜಾರ್ಜ್ ಹೇ ಎಂಬಾತ ಎಪ್ಪತ್ತೇಳರ ಹರೆಯದ ಪಿಟೀಲುಗಾರ ಅಂಕಲ್ ಜಿಮ್ಮಿ ಥಾಂಪ್ಸನ್‌ನನ್ನು ಮೈಕಿನ ಎದುರು ಕೂರಿಸಿ ಶನಿವಾರದ ಕಾರ್ಯಕ್ರಮ ಆರಂಭಿಸಿದ. ಬೈಲಿಯನ್ನು ಅಲ್ಲಿಗೆ ಕರೆದೊಯ್ದವನು ಹಂಫ್ರಿ ಬೇಟ್ ಎಂಬ ಬಿಳಿಯ ವೈದ್ಯ. ತಾನೂ ಮೌತ್ ಆರ್ಗನ್ ಬಲ್ಲವನಾದ್ದರಿಂದ ಈ ಚಿಕ್ಕ ಮನುಷ್ಯನ ಉಸಿರಿನ ಬೆಲೆ ಅವನಿಗೆ ತಿಳಿದಿತ್ತು.

ಹೆಸರಿನ ಪ್ರಸಂಗ ನಡೆದದ್ದು 1927ರ ಡಿಸೆಂಬರ್‌ನಲ್ಲಿ. ಶನಿವಾರದ ಆ ಕಾರ್ಯಕ್ರಮಕ್ಕೆ ಮುನ್ನ ರಾಷ್ಟ್ರೀಯ ಜಾಲದಿಂದ ಶಾಸ್ತ್ರೀಯ ಸಂಗೀತದ ಪಾಠ ಬರುತ್ತಿತ್ತು. ಅಂದು ಅದರ ನಿರ್ವಾಹಕ ವಾಲ್ಟರ್ ಡ್ಯಾಮ್ರೋಶ್, ಶಾಸ್ತ್ರೀಯ ಕಲೆಯಲ್ಲಿ ವಾಸ್ತವದ ಅನುಕರಣೆಗೆ ಎಡೆಯಿಲ್ಲವಾದರೂ ಒಂದು ವಿನಾಯಿತಿ ಎಂದು ಹೇಳಿ, ರೈಲು ಎಂಜಿನ್ನನ್ನು ಚಿತ್ರಿಸುವ ವಾದ್ಯವೃಂದ ಕೃತಿಯನ್ನು ಕೇಳಿಸಿದ. ಅದು ಮುಗಿದೊಡನೆ ಮೈಕ್ ಹಿಡಿದ ಹೇ, ತನ್ನ ಕಾರ್ಯಕ್ರಮದಲ್ಲಿ ವಾಸ್ತವವಲ್ಲದೆ ಇನ್ನೇನೂ ಇರುವುದಿಲ್ಲವೆಂದು ಸಾರಿ ಬೈಲಿಯನ್ನು ಕರೆದ. ಬೈಲಿ ‘ಪ್ಯಾನ್ ಅಮೆರಿಕನ್ ಬ್ಲೂಸ್’ ನುಡಿಸಿದ. ಆ ಊರಿನ ಮೇಲೆ ಹಾದುಹೋಗುತ್ತಿದ್ದ ನಿಜವಾದ ರೈಲಿನ ಹೆಸರೇ ಅದು. ನುಡಿಸಿ ಮುಗಿಸುತ್ತಿದ್ದಂತೆ ಹೇ, ಇದುವರೆಗೆ ಗ್ರ್ಯಾಂಡ್ ಆಪೆರಾ ಕೇಳಿದಿರಿ, ಇನ್ನು ಮುಂದೆ ಗ್ರ್ಯಾಂಡ್ ಓಲ್ ಆಪ್ರಿ ಎಂದು ಹಳ್ಳಿಯ ಉಚ್ಚಾರಣೆಯಲ್ಲಿ ಕುಚೋದ್ಯ ಮಾಡಿದ. ಕುಚೋದ್ಯವೇ ನಾಮಕರಣವಾಯಿತು.

1928ರಲ್ಲಿ ವರ್ಷದ 52 ಶನಿವಾರಗಳ ಪೈಕಿ 49ರಲ್ಲಿ ಬೈಲಿ ನುಡಿಸಿದ. ಬೇರಾವ ಕಲಾವಿದನೂ ಅದರ ಅರ್ಧದಷ್ಟು ಸಲ ಬಂದಿರಲಿಲ್ಲ. ನ್ಯಾಶ್‌ವಿಲ್ ಇಂದು ಧ್ವನಿಮುದ್ರಣದ ರಾಜಧಾನಿ. ಅಲ್ಲಿ ದೊಡ್ಡ ಕಂಪನಿಯೊಂದು ಅದೇ ವರ್ಷ ಮೊದಲ ಸಲ ಮುದ್ರಣ ನಡೆಸಿದಾಗ ಅದರಲ್ಲೂ ಬೈಲಿ ಇದ್ದ. ರೇಡಿಯೊ ಬಣ್ಣವನ್ನು ತೋರಿಸುವುದಿಲ್ಲವಷ್ಟೆ. ಅನೇಕ ಶ್ರೋತೃಗಳಿಗೆ ಅವನು ಕರಿಯನೆಂದೇ ಗೊತ್ತಿರಲಿಲ್ಲ. ಗೊತ್ತಾಗುತ್ತಿದ್ದದ್ದು ಪ್ರವಾಸದಲ್ಲಿ. ರಾಯ್ ಅಕಫ್, ಬಿಲ್ ಮನ್ರೊ ಮೊದಲಾದವರು ಇನ್ನೂ ಹೊಸಬರಾಗಿದ್ದಾಗ, ಜನರನ್ನು ಸೇರಿಸಲು ಬೈಲಿಯ ಹೆಸರು ಬೇಕಿತ್ತು. ವೇದಿಕೆಯ ಮೇಲೆ ಚಪ್ಪಾಳೆ; ಇಳಿದ ಮೇಲೆ ಅದೇ ಊರಿನ ಹೋಟೆಲಿನಲ್ಲಿ ಊಟವಿಲ್ಲ, ಮಲಗಲು ಕೋಣೆಯಿಲ್ಲ. ಬ್ಯಾಂಜೊ ವಾದಕ ಅಂಕಲ್ ಡೇವ್ ಮೇಕನ್ ಅವನನ್ನು ತನ್ನ ಆಳು ಎಂದು ಹೇಳಿ ಒಳಗೆ ಕರೆದೊಯ್ಯುತ್ತಿದ್ದನಂತೆ. ಇದು ಉಪಕಾರವೇ ನಿಜ. ಆದರೆ ಆ ಸುಳ್ಳಿನ ಬೆಲೆ ತೆರುತ್ತಿದ್ದವನು ಯಾರು ಎಂದು ಯೋಚಿಸಿದರೆ ಮನಸ್ಸು ಭಾರವಾಗುತ್ತದೆ. ಸಂಭಾವನೆ ದಿನಕ್ಕೆ ಐದು ಡಾಲರ್. ಎಷ್ಟು ಜನ ಸೇರಿದರೂ ಅಷ್ಟೇ.

1930ರ ದಶಕದಲ್ಲಿ ನಿಲಯ 50,000 ವಾಟ್ ಶಕ್ತಿ ಪಡೆದು ಊರಾಚೆ ಎತ್ತರದ ಗೋಪುರ ಕಟ್ಟಿತು. ರೈಲುಹಳಿ ಅದರ ಸಮೀಪವೇ ಹಾದಿತ್ತು. ಅಲ್ಲಿ ಮೈಕ್ ಇರಿಸಿ, ಪ್ಯಾನ್ ಅಮೆರಿಕನ್ ರೈಲು ಹಾದುಹೋಗುವ ನಿಜವಾದ ಸದ್ದನ್ನೇ ಸಂಜೆ ಪ್ರಸಾರ ಮಾಡತೊಡಗಿದರು. ಮೂಲವನ್ನೂ ಅನುಕರಣೆಯನ್ನೂ ಒಂದೇ ನಿಲಯದಲ್ಲಿ ಕೇಳಿ ಹೋಲಿಸಿ ನೋಡುವ ಅವಕಾಶ ಹೀಗೆ ಶ್ರೋತೃಗಳಿಗೆ ದೊರೆಯಿತು.

1941ರ ಮೇ ತಿಂಗಳಲ್ಲಿ ಬೈಲಿಯನ್ನು ಕೆಲಸದಿಂದ ತೆಗೆದುಹಾಕಲಾಯಿತು. ಕಾರಣವನ್ನು ಕೊಂಚ ವಿವರಿಸಬೇಕು. ಹಾಡುಗಳ ಹಕ್ಕುಶುಲ್ಕ ವಸೂಲು ಮಾಡುತ್ತಿದ್ದ ಆಸ್ಕ್ಯಾಪ್ ಎಂಬ ಸಂಘ ದರ ಏರಿಸಿದ್ದರಿಂದ ರೇಡಿಯೊ ನಿಲಯಗಳು ಬಿಎಂಐ ಎಂಬ ತಮ್ಮದೇ ಪರ್ಯಾಯ ಸಂಸ್ಥೆ ಕಟ್ಟಿ, ಆ ವರ್ಷದ ಜನವರಿಯಿಂದ ಆಸ್ಕ್ಯಾಪ್ ರಚನೆಗಳನ್ನು ಬಹಿಷ್ಕರಿಸಿದವು. ಬೈಲಿಯ ಜನಪ್ರಿಯ ರಚನೆಗಳು ಆಸ್ಕ್ಯಾಪ್ ಪಟ್ಟಿಯಲ್ಲಿದ್ದವು. ಶ್ರೋತೃಗಳು ಬಯಸುವ ಹಾಡುಗಳನ್ನು ಬಿಡಬೇಕು, ಹೊಸವನ್ನು ಕಲಿಯಬೇಕು ಎಂಬ ಒತ್ತಾಯ ಅವನಿಗೆ ಹಿಡಿಸಲಿಲ್ಲ. 1945ರಲ್ಲಿ ಹೇ ಪ್ರಕಟಿಸಿದ ಪುಸ್ತಕದಲ್ಲಿ ಬೈಲಿಯನ್ನು ಕಾರ್ಯಕ್ರಮದ ಮುದ್ದಿನ ಅದೃಷ್ಟಗೊಂಬೆಯಂತೆ ವರ್ಣಿಸಿ, ತನ್ನ ಜನಾಂಗದ ಕೆಲವರಂತೆ ಅವನೂ ಸೋಮಾರಿ, ಹೊಸದನ್ನು ಕಲಿಯಲಿಲ್ಲ ಎಂದು ಷರಾ ಬರೆದ.

ಈ ಷರಾವನ್ನು ಒಪ್ಪಲು ನನ್ನಿಂದ ಸಾಧ್ಯವಾಗಿಲ್ಲ. ವರ್ಷಕ್ಕೆ ನಲವತ್ತೊಂಬತ್ತು ವಾರ ತಪ್ಪದೆ ಬಂದವನನ್ನು ಸೋಮಾರಿ ಎನ್ನಲು ಬಣ್ಣದ ಹೊರತು ಬೇರೆ ಆಧಾರ ಬೇಕು. ಹಕ್ಕುಶುಲ್ಕದ ಜಗಳ ಸುಳ್ಳಲ್ಲ. ಎಲ್ಲ ಕಲಾವಿದರಿಗೂ ಅದರ ಬಿಸಿ ತಟ್ಟಿತ್ತು. ಆದರೆ ಆ ಜಗಳ 1941ರ ಅಕ್ಟೋಬರ್ ಅಂತ್ಯದಲ್ಲಿ ರಾಜಿಯಲ್ಲಿ ಮುಗಿಯಿತು. ನಿಷೇಧಿತ ಹಾಡುಗಳು ಐದೇ ತಿಂಗಳಲ್ಲಿ ಗಾಳಿಗೆ ಮರಳಿದವು. ಬೈಲಿಯನ್ನು ಮಾತ್ರ ಯಾರೂ ಮರಳಿ ಕರೆಯಲಿಲ್ಲ. ನೆಪ ತೀರಿದ ಮೇಲೂ ಬಾಗಿಲು ಮುಚ್ಚಿಯೇ ಇತ್ತೆಂದರೆ ಅದನ್ನು ಮುಚ್ಚಿದ್ದು ನೆಪವಂತೂ ಅಲ್ಲ.

ಮುಂದೆ ಅವನು ನ್ಯಾಶ್‌ವಿಲ್ಲಿನಲ್ಲೇ ಬೂಟ್ ಪಾಲಿಶ್ ಅಂಗಡಿ ನಡೆಸಿದ; ಮನೆಯ ಕೋಣೆಗಳನ್ನು ಬಾಡಿಗೆಗೆ ಕೊಟ್ಟ. ಅಂಗಡಿಗೆ ಬಂದ ಗಿರಾಕಿಗಳು ಬೆಳ್ಳಗಿರಲಿ ಕಪ್ಪಗಿರಲಿ, ಬೂಟು ಒಂದೇ ಹೊಳಪಿನಲ್ಲಿ ಹೊರಹೋಗುತ್ತಿತ್ತು. ಮನೆಯಲ್ಲಿ ನುಡಿಸುತ್ತಿದ್ದ, ಸಾರ್ವಜನಿಕವಾಗಿ ಬಹಳ ಅಪರೂಪ. ಅರವತ್ತು-ಎಪ್ಪತ್ತರ ದಶಕಗಳಲ್ಲಿ ಹಳೆಯ ಸಂಗೀತವನ್ನು ಹುಡುಕಿಕೊಂಡು ಹೊರಟವರು ಅವನನ್ನು ಕಂಡುಕೊಂಡರು. ನ್ಯೂಪೋರ್ಟ್ ಜಾನಪದ ಉತ್ಸವದ ಕರೆ ಬಂತು, ಬರ್ಟ್ ರೆನಾಲ್ಡ್ಸ್ ನಾಯಕನಾಗಿದ್ದ ಚಲನಚಿತ್ರದಲ್ಲಿ ಕಾಣಿಸಿಕೊಳ್ಳುವ ಕರೆಯೂ ಬಂತು. ಎರಡನ್ನೂ ನಿರಾಕರಿಸಿದ. ಹಿಂದೆ ಕಡಿಮೆ ಹಣಕ್ಕೆ ದುಡಿಸಿಕೊಂಡದ್ದನ್ನು ಅವನು ಮರೆತಿರಲಿಲ್ಲ. ಇದನ್ನು ಮುನಿಸು ಎಂದವರಿದ್ದಾರೆ. ತನ್ನ ಉಸಿರಿನ ಬೆಲೆಯನ್ನು ತಾನೇ ನಿಗದಿಮಾಡುವ ಹಕ್ಕು ಅವನಿಗೆ ಬದುಕಿನಲ್ಲಿ ಮೊದಲ ಬಾರಿ ದಕ್ಕಿದ್ದು ಆಗಲೇ ಎಂದು ನಾನು ಓದಿಕೊಳ್ಳುತ್ತೇನೆ.

ನಗರದ ವಸತಿ ಇಲಾಖೆಯಲ್ಲಿದ್ದ ಡೇವಿಡ್ ಮಾರ್ಟನ್ ಎಂಬ ತರುಣ 1973ರಲ್ಲಿ ಪರಿಚಯವಾಗಿ, ನಿಧಾನವಾಗಿ ಅವನ ವಿಶ್ವಾಸ ಗಳಿಸಿ, ಬದುಕಿನ ಕಥೆಯನ್ನು ದಾಖಲಿಸಿಕೊಂಡ. ಅದು ಪುಸ್ತಕವಾಗಿ ಬಂದದ್ದು 1991ರಲ್ಲಿ. ನಮಗೆ ಬೈಲಿಯ ಬಗ್ಗೆ ತಿಳಿದಿರುವುದರಲ್ಲಿ ಬಹುಪಾಲು ಆ ಸ್ನೇಹದ ಫಲ. 1974ರಲ್ಲಿ ಆಪ್ರಿ ಹಳೆಯ ರೈಮನ್ ಸಭಾಂಗಣವನ್ನು ಬಿಟ್ಟು ಹೊಸ ಕಟ್ಟಡಕ್ಕೆ ಹೊರಡುವ ಮುನ್ನ ಹಿರಿಯ ಕಲಾವಿದರನ್ನು ಕರೆಸಿದಾಗ ಬೈಲಿಯೂ ಬಂದ. ಅದೇ ಡಿಸೆಂಬರ್ 14ರಂದು, ತನ್ನ ಎಪ್ಪತ್ತೈದನೆಯ ಹುಟ್ಟುಹಬ್ಬದ ದಿನ, ಹೊಸ ವೇದಿಕೆಯ ಮೇಲೆ ನುಡಿಸಿದ. 1982ರ ಜುಲೈ 2ರಂದು ತೀರಿಕೊಂಡ.

ಮಿಕ್ಕದ್ದು ಮರಣೋತ್ತರ. ಆಪ್ರಿಯ ಸದಸ್ಯತ್ವ ಇನ್ನೊಬ್ಬ ಕಪ್ಪು ಕಲಾವಿದನಿಗೆ ದೊರೆತದ್ದು 1993ರಲ್ಲಿ, ಚಾರ್ಲಿ ಪ್ರೈಡ್‌ಗೆ. ನಡುವೆ ಐವತ್ತೆರಡು ವರ್ಷ ಸಂದಿದ್ದವು. ಕಂಟ್ರಿ ಸಂಗೀತದ ಗೌರವ ಭವನಕ್ಕೆ ಬೈಲಿಯ ಹೆಸರು ಸೇರಿದ್ದು 2005ರಲ್ಲಿ. ಅವನನ್ನು ನಡೆಸಿಕೊಂಡ ರೀತಿಗಾಗಿ ಆಪ್ರಿ ಬಹಿರಂಗವಾಗಿ ಕ್ಷಮೆ ಕೇಳಿದ್ದು 2023ರಲ್ಲಿ. ಆ ಕ್ಷಮೆಯನ್ನು ಕೇಳಿಸಿಕೊಳ್ಳಲು ಮೊಮ್ಮಗ ಇದ್ದ.

ಪ್ಯಾನ್ ಅಮೆರಿಕನ್ ರೈಲು 1971ರಲ್ಲಿ ಸಂಚಾರ ನಿಲ್ಲಿಸಿತು. 1927ರಲ್ಲಿ ಬೈಲಿ ನ್ಯೂಯಾರ್ಕಿನಲ್ಲಿ ಮುದ್ರಿಸಿದ ಅದರ ತಟ್ಟೆ ಈಗ ಇಂಟರ್ನೆಟ್ಟಿನಲ್ಲಿ ಸುಲಭವಾಗಿ ಸಿಗುತ್ತದೆ. ಸುಮಾರು ಮೂರು ನಿಮಿಷ. ಹಳೆಯ ತಟ್ಟೆಯ ಕರಕರ ಸದ್ದಿನ ನಡುವೆ ಎಂಜಿನ್ ವೇಗ ಪಡೆಯುತ್ತದೆ, ಸೀಟಿ ಹಾಕುತ್ತದೆ, ಹಳಿಯ ಮೇಲೆ ಓಡುತ್ತದೆ. ನುಡಿಸುತ್ತಿರುವವನು ಉಸಿರು ತೆಗೆದುಕೊಳ್ಳುವುದು ಯಾವಾಗ ಎಂದು ನಾನು ಹಲವು ಸಲ ಕಿವಿಗೊಟ್ಟಿದ್ದೇನೆ, ಗೊತ್ತಾಗುವುದಿಲ್ಲ.