ಚೆಲುವಪಿಳ್ಳೆಯ ಊರಿಗೆ ಹೋಗಿ ಬನ್ನಿ

ಮಕ್ಕಳೇ, ರಜೆಗೆ ಊರಿಗೆ ಹೋದಾಗ ಮೈಸೂರಿನ ಅರಮನೆ, ಮೃಗಾಲಯ ಎಲ್ಲಾ ನೋಡುತ್ತೀರಿ. ಅಲ್ಲಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿ, ಮಂಡ್ಯ ಜಿಲ್ಲೆಯ ಬಂಡೆಬೆಟ್ಟದ ಮೇಲೆ ಮೇಲುಕೋಟೆ ಇದೆ. ಈ ಸಲ ಅಲ್ಲಿಗೆ ಯಾತ್ರೆ ಹೋಗಿ ಬನ್ನಿ.

ಯಾತ್ರೆಗೆ ಹೋದವರು ಅವಸರ ಮಾಡಬಾರದು. ಮೊದಲು ಕಲ್ಯಾಣಿಗೆ ಇಳಿದು ಕೈಕಾಲು ತೊಳೆದುಕೊಳ್ಳಿ. ಮೆಟ್ಟಿಲು ಜಾರುತ್ತದೆ, ದೊಡ್ಡವರ ಕೈ ಹಿಡಿದುಕೊಂಡೇ ಇಳಿಯಿರಿ. ಆಮೇಲೆ ಚೆಲುವನಾರಾಯಣಸ್ವಾಮಿಯ ಗುಡಿ.

ಸುಮಾರು 900 ವರ್ಷಗಳ ಹಿಂದೆ, ಚೋಳ ಅರಸನ ಕಿರುಕುಳದಿಂದ ತಮಿಳು ನಾಡು ಬಿಟ್ಟು ಬಂದ ರಾಮಾನುಜಾಚಾರ್ಯರಿಗೆ ಹೊಯ್ಸಳ ವಿಷ್ಣುವರ್ಧನ ಆಶ್ರಯ ಕೊಟ್ಟ. ಅವರು ಇಲ್ಲಿ ನೆಲೆಸಿ, ನಿಂತುಹೋಗಿದ್ದ ಪೂಜೆಯನ್ನು ಮತ್ತೆ ಶುರುಮಾಡಿಸಿದರು. ಆದರೆ ಉತ್ಸವಮೂರ್ತಿ ಇರಲಿಲ್ಲ. ಅದು ದಿಲ್ಲಿಯ ಸುಲ್ತಾನನ ಮಗಳ ಹತ್ತಿರ ಆಟದ ಬೊಂಬೆಯಾಗಿತ್ತಂತೆ! ಆಚಾರ್ಯರು ಅಷ್ಟು ದೂರ ಹೋಗಿ, ಮಗುವನ್ನು ಕರೆದ ಹಾಗೆ ಕರೆದರು. ಮೂರ್ತಿ ಗೆಜ್ಜೆ ಘಲಘಲ ಎನ್ನಿಸುತ್ತಾ ಬಂದು ಅವರ ತೊಡೆಯ ಮೇಲೆ ಕುಳಿತಿತು. ಅವನೇ ಚೆಲುವಪಿಳ್ಳೆ. ಬಿಟ್ಟಿರಲಾರದ ರಾಜಕುಮಾರಿ ಹಿಂದೆಯೇ ಮೇಲುಕೋಟೆಗೆ ಬಂದಳು. ರಾಮಾನುಜರ ಕಾಲಕ್ಕೆ ದಿಲ್ಲಿಯಲ್ಲಿ ಸುಲ್ತಾನರೇ ಇರಲಿಲ್ಲ, ಹಾಗಾಗಿ ಇದನ್ನು ಇತಿಹಾಸ ಎನ್ನಲಾಗದು. ಆದರೂ ಸ್ವಾಮಿಯ ಪಾದದ ಬಳಿ ಆ ರಾಜಕುಮಾರಿ ಬೀಬಿ ನಾಚ್ಚಿಯಾರ್ ಎಂಬ ಹೆಸರಿನಲ್ಲಿ ಇದ್ದಾಳೆ, ಪೂಜೆಯೂ ಸಲ್ಲುತ್ತದೆ. ನನಗೆ ಈ ಕತೆ ಎಷ್ಟು ಸಲ ಹೇಳಿದರೂ ಸಾಲದು.

ಆಚಾರ್ಯರು ಶ್ರೀರಂಗಕ್ಕೆ ಹೊರಟಾಗ ಶಿಷ್ಯರು ಬಿಡಲೇ ಇಲ್ಲವಂತೆ. ಅವರ ಸಮಾಧಾನಕ್ಕೆ ಮಾಡಿಸಿದ ಆಚಾರ್ಯರ ವಿಗ್ರಹವೂ ಗುಡಿಯಲ್ಲಿದೆ, ಮರೆಯದೆ ನೋಡಿ.

ಇನ್ನು ವೈರಮುಡಿ, ಅಂದರೆ ಸ್ವಾಮಿಯ ವಜ್ರದ ಕಿರೀಟ. ವರ್ಷವಿಡೀ ಸರ್ಕಾರದ ಖಜಾನೆಯಲ್ಲಿರುವ ಅದು ಫಾಲ್ಗುಣದ ಉತ್ಸವದ ದಿನ ಪೊಲೀಸ್ ಕಾವಲಿನಲ್ಲಿ ಮಂಡ್ಯದಿಂದ ಹೊರಡುತ್ತದೆ. ದಾರಿಯುದ್ದಕ್ಕೂ ಹಳ್ಳಿಯವರು ಕಾದಿದ್ದು ಪೂಜೆ ಸಲ್ಲಿಸುತ್ತಾರೆ. ಕಿರೀಟಕ್ಕೆ ಬಿಸಿಲು ಸೋಕಬಾರದೆಂಬ ನಂಬಿಕೆಯಿಂದ ಸ್ವಾಮಿ ಅದನ್ನು ಧರಿಸಿ ಗರುಡವಾಹನದ ಮೇಲೆ ಬರುವುದು ರಾತ್ರಿಯೇ. ಆಮೇಲೆ ಮೈಸೂರಿನ ರಾಜ ಒಡೆಯರು ಕೊಟ್ಟ ರಾಜಮುಡಿಯ ಸರದಿ. ಚಿಕ್ಕವಳಿದ್ದಾಗ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಆ ಜನಜಂಗುಳಿಯಲ್ಲಿ ನಿಂತಿದ್ದರು. ದೀವಟಿಗೆ ಬೆಳಕಿಗೆ ಕಿರೀಟದ ಹರಳು ಮಿಂಚಿದಾಗೆಲ್ಲ "ಕಂಡಿತೇನಮ್ಮಾ?" ಎನ್ನುತ್ತಿದ್ದರು. ಮುಂದಿದ್ದ ತಲೆಗಳ ಮರೆಯಲ್ಲಿ ಅವರಿಗೇ ಏನೂ ಕಾಣುತ್ತಿರಲಿಲ್ಲ.

ಇಲ್ಲಿ ದೊಡ್ಡವರಿಗೂ ಒಂದು ಮಾತು. ನಾವು ಅಪ್ಪ ಅಮ್ಮಂದಿರು ಈಗ ಹೇಗೆ ಹೋಗುತ್ತೇವೆ ಹೇಳಿ! ಮಧ್ಯಾಹ್ನ ಕಾರಿನಲ್ಲಿ ಬಂದು, ಸಿನಿಮಾದಲ್ಲಿ ಕಂಡ ರಾಯಗೋಪುರದ ಮುಂದೆ ಫೋಟೋ ತೆಗೆಸಿಕೊಂಡು, ಸಂಜೆಯೊಳಗೆ ವಾಪಸ್ಸು. ಮಕ್ಕಳ ಮನಸ್ಸಿನಲ್ಲಿ ಏನು ಉಳಿದೀತು? ಅವರು ದೊಡ್ಡವರಾದ ಮೇಲೆ ತಾವಾಗಿ ಬರುತ್ತಾರೆಂದು ಕಾಯುತ್ತಾ ಕೂರುವುದು ಬೇಡ. ಉತ್ಸವಕ್ಕೆ ಶಾಲೆಯ ರಜೆ ಹೊಂದದಿದ್ದರೆ ಬೇರೆ ದಿನವಾದರೂ ಸರಿ, ಒಂದು ರಾತ್ರಿ ಅಲ್ಲೇ ಉಳಿಯೋಣ. ಕವಿ ಪು.ತಿ.ನ. ಹುಟ್ಟಿದ ಊರು ಅದು. ಅವರ ಮನೆ ಈಗ ಸ್ಮಾರಕ. ಮಕ್ಕಳಿಗೆ ಅದನ್ನೂ ತೋರಿಸೋಣ.

ಮಕ್ಕಳೇ, ಹೊಟ್ಟೆಯ ವಿಷಯ ಹೇಳದಿದ್ದರೆ ಹೇಗೆ? ಮೇಲುಕೋಟೆಯ ಪುಳಿಯೋಗರೆ ನಿಮ್ಮ ಫ್ರಿಜ್ಜಿನಲ್ಲಿರುವ ಪುಡಿಯದಲ್ಲ. ಹುಣಿಸೆರಸ, ಬೆಲ್ಲ, ಮೆಣಸಿನಕಾಯಿ ಹಾಕಿ ಎಣ್ಣೆ ತೇಲುವವರೆಗೆ ಕುದಿಸಿದ ಗೊಜ್ಜು, ಹುರಿದ ಎಳ್ಳಿನ ಪುಡಿ. ಅನ್ನದ ಅಗುಳು ಒಂದಕ್ಕೊಂದು ಅಂಟಿರುವುದಿಲ್ಲ. ತಿಂದಾದ ಮೇಲೆ ಬೆರಳಿನಲ್ಲಿ ಹುಳಿ, ಇಂಗಿನ ವಾಸನೆ ಬಹಳ ಹೊತ್ತು ಇರುತ್ತದೆ.

ಮರುದಿನ ಬಿಸಿಲೇರುವ ಮೊದಲೇ ಯೋಗನರಸಿಂಹನ ಬೆಟ್ಟ ಹತ್ತಿ. ಮೆಟ್ಟಿಲು ನೂರಾರಿವೆ, ಅಜ್ಜಿ ತಾತ ಜೊತೆಗಿದ್ದರೆ ಅವರ ನಡಿಗೆಗೆ ತಕ್ಕ ಹಾಗೆ ನಡೆಯಿರಿ. ನೀರಿನ ಬಾಟಲಿ ಇರಲಿ, ಬಾಳೆಹಣ್ಣು ಮಾತ್ರ ಚೀಲದೊಳಗಿರಲಿ, ಅಲ್ಲಿ ಕೋತಿಗಳಿವೆ.