ಕನ್ನಡ ಶಾಲೆಯ ಮಾಸ್ತರರು ಸಿಂಪಿ ಲಿಂಗಣ್ಣ

ವಿಜಾಪುರ ಜಿಲ್ಲೆಯ ಚಡಚಣದಲ್ಲಿ 1905ರಲ್ಲಿ ಜನಿಸಿದ ಸಿಂಪಿ ಲಿಂಗಣ್ಣನವರು ಹಳ್ಳಿಯ ಕನ್ನಡ ಶಾಲೆಯಲ್ಲಿ ಶಿಕ್ಷಕರಾಗಿ ದುಡಿದವರು. ಹಲಸಂಗಿಯ ಮಧುರಚೆನ್ನರ ಸ್ನೇಹವು ಅವರ ಬದುಕಿಗೆ ದಿಕ್ಕು ತೋರಿತು. ಒಕ್ಕಲಗಿತ್ತಿಯರು ನಸುಕಿನಲ್ಲಿ ಬೀಸುತ್ತ ಹಾಡುವ ತ್ರಿಪದಿಗಳು ಓದುಬಲ್ಲವರ ಕಣ್ಣಿಗೆ ಬರಿಯ ಹೆಂಗಸರ ಹಾಡುಗಳಾಗಿದ್ದ ಕಾಲವದು. ಬರೆದಿಟ್ಟವರು ವಿರಳ, ಹಾಡುವ ಮುದುಕಿ ತೀರಿದರೆ ಹಾಡೂ ತೀರಿದಂತೆಯೇ. ಹಿಟ್ಟಿನ ಗಿರಣಿ ಬಂದಮೇಲಂತೂ ಬೀಸುಕಲ್ಲೇ ಮೂಲೆ ಸೇರಿತು. ಲಿಂಗಣ್ಣನವರು ಮಧುರಚೆನ್ನ ಹಾಗೂ ಕಾಪಸೆ ರೇವಪ್ಪನವರೊಡಗೂಡಿ ಆ ಹಾಡುಗಳನ್ನು ಕಲೆಹಾಕಿದರು. 1931ರಲ್ಲಿ ‘ಗರತಿಯ ಹಾಡು’ ಅಚ್ಚಾಯಿತು. ಶಾಲೆಯ ಮೆಟ್ಟಿಲೇರದ ತಾಯಂದಿರ ಮಾತು ಶಾಲಾಮಾಸ್ತರರ ಕೈಯಿಂದ ಗ್ರಂಥವಾದುದು ವಿಶೇಷವೇ ಸರಿ. 1993ರಲ್ಲಿ ಕೊಪ್ಪಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ಅಲಂಕರಿಸಿದ ಅವರು ಅದೇ ವರ್ಷ ಲಿಂಗೈಕ್ಯರಾದರು.